ಕೆಲಸ ಕೈ ಬದಲಾಗುವ ಜಾಗ: ಒಂದು ಇಂಟರ್ನ್‌ಶಿಪ್ ತಂಡದ ಪ್ರಕರಣ ಅಧ್ಯಯನ

ಇಂಟರ್ನ್‌ಶಿಪ್ ಮುಗಿಸಿದ ವಿದ್ಯಾರ್ಥಿಗಳ ವರದಿಗಳಲ್ಲಿ ಒಂದು ಸಾಲು ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ: ‘ತಂಡದಲ್ಲಿ ಕೆಲಸ ಮಾಡುವುದನ್ನೂ ಸಂದರ್ಭಕ್ಕೆ ಹೊಂದಿಕೊಳ್ಳುವುದನ್ನೂ ಕಲಿತೆ.’ ಹೇಗೆ ಕಲಿತರು, ಯಾವ ಜಗಳದ ನಡುವೆ ಕಲಿತರು ಅನ್ನುವುದು ಇರುವುದಿಲ್ಲ. ಆ ವಿವರ ಇಲ್ಲದಿದ್ದರೆ ಮುಂದೆ ಬರುವವರಿಗೆ ಆ ಸಾಲಿನಿಂದ ಏನೂ ಸಿಗುವುದಿಲ್ಲ. ಅದಕ್ಕೇ ಒಂದೇ ತಂಡದ ಕಥೆಯನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಆ ತಂಡದ ಮೇಲ್ವಿಚಾರಣೆ ನನ್ನದಾಗಿತ್ತು. ಹೆಸರುಗಳನ್ನು ಬಿಟ್ಟಿದ್ದೇನೆ. ಯಾರು ಯಾವ ವಿಷಯ ಓದುತ್ತಿದ್ದರು ಅನ್ನುವುದರಿಂದಲೇ ಅವರನ್ನು ಗುರುತಿಸಬಹುದು.

ಈ ತಂಡವನ್ನು ನೋಡಿ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು. ತಂಡ ಎಡವುವುದು ಒಬ್ಬೊಬ್ಬರು ಮಾಡುವ ಕೆಲಸದ ಒಳಗಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ಹೋಗುವ ಜಾಗದಲ್ಲಿ. ಕಲಿಯುವುದೂ ಅಲ್ಲೇ.

ತಂಡ ಮತ್ತು ಕೆಲಸ

ಜಾಗ ಒಂದು ಕಾಲೇಜಿನ ಲೈಬ್ರರಿ. ಸುಮಾರು 18 ಸಾವಿರ ಪುಸ್ತಕಗಳು. ಅವುಗಳ ಪಟ್ಟಿ ಹಳೆಯ ತಂತ್ರಾಂಶವೊಂದರಲ್ಲಿತ್ತು. ಅದನ್ನು ಕೋಹಾಕ್ಕೆ ಸಾಗಿಸಬೇಕಿತ್ತು. ಕೋಹಾ ಲೈಬ್ರರಿಗಳ ಪುಸ್ತಕಪಟ್ಟಿ ನೋಡಿಕೊಳ್ಳುವ ಮುಕ್ತ ತಂತ್ರಾಂಶ. ನ್ಯೂಜಿಲೆಂಡ್‌ನ ಲೈಬ್ರರಿ ಸಂಸ್ಥೆಯೊಂದಕ್ಕಾಗಿ ಮೊದಲು ಬರೆದದ್ದು, 2000ರ ಜನವರಿಯಿಂದ ಬಳಕೆಯಲ್ಲಿದೆ. ಇಂಟರ್ನ್‌ಶಿಪ್ ಅವಧಿ 8 ವಾರ.

ಕೇಳಿದರೆ ಇದು ಕಂಪ್ಯೂಟರ್ ಕೆಲಸ ಅನ್ನಿಸುತ್ತದೆ. ಅರ್ಧ ಕೆಲಸ ರ‍್ಯಾಕ್‌ಗಳ ನಡುವೆ ನಡೆಯುತ್ತದೆ. ಮೊದಲು ಹಳೆಯ ತಂತ್ರಾಂಶದಿಂದ ಪಟ್ಟಿಯನ್ನು ಹೊರಗೆ ತೆಗೆಯಬೇಕು. ಒಬ್ಬನೇ ಲೇಖಕನ ಹೆಸರು ನಾಲ್ಕು ರೀತಿಯಲ್ಲಿದ್ದರೆ ಒಂದಕ್ಕೆ ತರಬೇಕು. ಆಮೇಲೆ ಎಲ್ಲವನ್ನೂ ಲೈಬ್ರರಿಗಳು ಪುಸ್ತಕದ ವಿವರ ಬರೆದಿಡುವ ಮಾರ್ಕ್ 21 ಎಂಬ ನಮೂನೆಗೆ ಹೊಂದಿಸಬೇಕು. ಅದರಲ್ಲಿ ಪ್ರತಿ ಮಾಹಿತಿಗೂ ಒಂದು ನಂಬರ್ ಇದೆ: ಐಎಸ್‌ಬಿಎನ್ (ಪುಸ್ತಕಕ್ಕೆ ಕೊಡುವ ಅಂತಾರಾಷ್ಟ್ರೀಯ ಗುರುತಿನ ಸಂಖ್ಯೆ) 020ರಲ್ಲಿ, ಲೇಖಕರು 100ರಲ್ಲಿ, ಶೀರ್ಷಿಕೆ 245ರಲ್ಲಿ. ಕೋಹಾದಲ್ಲಿ ಆಯಾ ಪ್ರತಿಯ ಬಾರ್‌ಕೋಡ್ 952ರಲ್ಲಿ ಕೂರುತ್ತದೆ. ಇತ್ತ ಪುಸ್ತಕಗಳಿಗೆ ಬಾರ್‌ಕೋಡ್ ಅಂಟಿಸಬೇಕು. ಪಟ್ಟಿಯಲ್ಲಿರುವುದು ನಿಜಕ್ಕೂ ರ‍್ಯಾಕ್‌ನಲ್ಲಿದೆಯೇ ಎಂದು ನೋಡಬೇಕು. ಕೊನೆಗೆ ಪುಸ್ತಕದ ಬೆನ್ನಿನ ಲೇಬಲ್ ಹೊಸದು ಹಾಕಬೇಕು.

ಬಂದವರು ನಾಲ್ವರು. ಲೈಬ್ರರಿ ಸೈನ್ಸ್ ಓದುತ್ತಿದ್ದವಳು ವಯಸ್ಸಿನಲ್ಲಿ ದೊಡ್ಡವಳು, ಉಳಿದವರು ಅವಳನ್ನು ಅಕ್ಕ ಅನ್ನುತ್ತಿದ್ದರು. ಕಂಪ್ಯೂಟರ್ ಸೈನ್ಸ್ ಹುಡುಗ ಚುರುಕು, ಮಾತೂ ಜಾಸ್ತಿ. ಕಾಮರ್ಸ್ ಹುಡುಗಿಗೆ ಸ್ಪ್ರೆಡ್‌ಶೀಟ್ ಚೆನ್ನಾಗಿ ಗೊತ್ತಿತ್ತು. ಇತಿಹಾಸ ಓದುತ್ತಿದ್ದ ಹುಡುಗ ಮಾತೇ ಆಡುತ್ತಿರಲಿಲ್ಲ.

ಮೊದಲ ದಿನವೇ ಅವರು ಕೆಲಸ ಹಂಚಿಕೊಂಡರು. ಪಟ್ಟಿ ತೆಗೆಯುವುದು ಮತ್ತು ಕೋಹಾಕ್ಕೆ ಹಾಕುವುದು ಕಂಪ್ಯೂಟರ್ ಹುಡುಗನಿಗೆ. ಹೆಸರು ತಿದ್ದುವುದು ಕಾಮರ್ಸ್ ಹುಡುಗಿಗೆ. ವರ್ಗೀಕರಣ, ನಮೂನೆ ಅಕ್ಕನಿಗೆ. ರ‍್ಯಾಕ್ ಮತ್ತು ಬಾರ್‌ಕೋಡ್ ಇತಿಹಾಸದ ಹುಡುಗನಿಗೆ. ಇದು ಜಾಣ ಹಂಚಿಕೆಯೇ. ಯಾರಿಗೆ ಏನು ಬರುತ್ತದೋ ಅದನ್ನೇ ಕೊಟ್ಟುಕೊಂಡಿದ್ದರು. ಆದರೆ ಗೋಡೆ ಹಂಚಿಕೊಂಡ ಅಕ್ಕಪಕ್ಕದ ಮನೆಯವರ ಹಾಗೆ, ತಮ್ಮ ಕಡೆಯ ಗೋಡೆ ಚೆನ್ನಾಗಿದ್ದರೆ ಸಾಕು ಅಂದುಕೊಂಡಿದ್ದರು. ಮೊದಲ ವಾರದಲ್ಲಿ ಒಂದೂ ಪ್ರಶ್ನೆ ಬರಲಿಲ್ಲ. ನಾಲ್ಕು ವಿಭಾಗಗಳಿಂದ ಬಂದ ನಾಲ್ವರು, ಒಂದೂ ಪ್ರಶ್ನೆ ಇಲ್ಲ ಅಂದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುತ್ತಿಲ್ಲ ಅಂತಲೇ ಅರ್ಥ.

ಒಂದು ಪುಸ್ತಕದ ಕೆಳಗೆ ಹತ್ತಾರು ಪುಸ್ತಕಗಳು

ಎರಡನೇ ವಾರದ ಕೊನೆಗೆ ಪ್ರಯೋಗಕ್ಕೆಂದು ಒಂದಿಷ್ಟು ಪುಸ್ತಕಗಳನ್ನು ಎರಡು ಕಂತಿನಲ್ಲಿ ಕೋಹಾಕ್ಕೆ ಹಾಕಿದರು. ಬರುವ ಪುಸ್ತಕದ ಐಎಸ್‌ಬಿಎನ್ ಆಗಲೇ ಪಟ್ಟಿಯಲ್ಲಿದ್ದರೆ ಅದನ್ನು ಅದೇ ಪುಸ್ತಕದ ಇನ್ನೊಂದು ಪ್ರತಿ ಎಂದು ಸೇರಿಸುವ ನಿಯಮ ಇಟ್ಟಿದ್ದರು. ನಿಯಮ ಸರಿಯಾದದ್ದೇ. ತೆರೆದು ನೋಡಿದರೆ ಒಂದು ಭೌತಶಾಸ್ತ್ರದ ಪುಸ್ತಕದ ಕೆಳಗೆ ಅರ್ಥಶಾಸ್ತ್ರ, ನಿಘಂಟು, ಕಾದಂಬರಿ ಎಲ್ಲವೂ ಅದರದೇ ಪ್ರತಿಗಳಾಗಿ ಬಂದು ಕೂತಿದ್ದವು.

‘ನಾನು ಕೊಟ್ಟ ಫೈಲ್ ಸರಿ ಇತ್ತು’ ಅಂದ ಕಂಪ್ಯೂಟರ್ ಹುಡುಗ.

‘ನಾನು ಲೇಖಕರ ಕಾಲಂ ಬಿಟ್ಟು ಬೇರೆ ಏನೂ ಮುಟ್ಟೇ ಇಲ್ಲ’ ಅಂದಳು ಕಾಮರ್ಸ್ ಹುಡುಗಿ.

ಇಬ್ಬರ ಮಾತೂ ನಿಜ. ಈ ಪ್ರಕರಣದ ತಿರುಳು ಇಲ್ಲೇ ಇದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2007ರ ಜನವರಿಯಿಂದ ಐಎಸ್‌ಬಿಎನ್‌ಗೆ 13 ಅಂಕಿ. ಅದಕ್ಕೂ ಮೊದಲು 10. ಸಿಎಸ್‌ವಿ ಫೈಲನ್ನು, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲನ್ನು, ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಸ್ಪ್ರೆಡ್‌ಶೀಟ್ ಐಎಸ್‌ಬಿಎನ್ ಅನ್ನು ಒಂದು ದೊಡ್ಡ ಸಂಖ್ಯೆ ಎಂದುಕೊಳ್ಳುತ್ತದೆ. 978ರಿಂದ ಶುರುವಾಗುವ 13 ಅಂಕಿಯನ್ನು ‘9.78ಇ+12’ ಅಥವಾ ‘9.79ಇ+12’ ಎಂದು ಚಿಕ್ಕದಾಗಿ ತೋರಿಸುತ್ತದೆ. ಮತ್ತೆ ಸಿಎಸ್‌ವಿಯಾಗಿ ಉಳಿಸಿದರೆ ತೆರೆಯ ಮೇಲೆ ಕಾಣುವುದನ್ನೇ ಬರೆದಿಡುತ್ತದೆ. ಉಳಿದ ಅಂಕಿಗಳು ಹೋದವು. 13 ಅಂಕಿಯ ಪುಸ್ತಕಗಳಿಗೆಲ್ಲ ಸೇರಿ ಎರಡೇ ಐಎಸ್‌ಬಿಎನ್! ಸೊನ್ನೆಯಿಂದ ಶುರುವಾಗುವ 10 ಅಂಕಿಯವು ಮುಂದಿನ ಸೊನ್ನೆ ಕಳೆದುಕೊಂಡು 9 ಅಂಕಿ ಆದವು. ಕೊನೆಯಲ್ಲಿ ಎಕ್ಸ್ ಅಕ್ಷರ ಇದ್ದ ಹಳೆಯ ಐಎಸ್‌ಬಿಎನ್‌ಗಳು ಮಾತ್ರ ಹಾಗೇ ಉಳಿದವು, ಯಾಕೆಂದರೆ ಅಕ್ಷರ ಇದ್ದದ್ದರಿಂದ ಅದನ್ನು ಸಂಖ್ಯೆ ಎಂದು ಭಾವಿಸಲಿಲ್ಲ. ‘ಎಕ್ಸ್ ಇರೋದು ಮಾತ್ರ ಯಾಕೆ ಸರಿ ಇದೆ?’ ಎಂದು ಅಕ್ಕ ಕೇಳಿದ ಮೇಲೇ ಕಾರಣ ಹೊಳೆದದ್ದು.

ಅಂದರೆ ತಪ್ಪು ಕೊಟ್ಟವನಲ್ಲೂ ಇರಲಿಲ್ಲ, ತಗೊಂಡವಳಲ್ಲೂ ಇರಲಿಲ್ಲ. ಫೈಲ್ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಅದನ್ನು ಹೇಗೆ ತೆರೆಯಬೇಕು ಎಂದು ಇಬ್ಬರೂ ಮಾತಾಡಿರಲಿಲ್ಲ. ಅವನಿಗೆ ಅದು ಎಷ್ಟು ಗೊತ್ತಿದ್ದ ವಿಷಯ ಅಂದರೆ ಹೇಳಬೇಕು ಅಂತಲೇ ಅನ್ನಿಸಿರಲಿಲ್ಲ. ಅವಳಿಗೆ ಕೇಳಬೇಕಾದ ಪ್ರಶ್ನೆ ಇದೆ ಅನ್ನುವುದೇ ಗೊತ್ತಿರಲಿಲ್ಲ.

ಆಗ ಇತಿಹಾಸದ ಹುಡುಗ ಮೊದಲ ಬಾರಿಗೆ ಮಾತಾಡಿದ. ‘ಮೇಡಂ, ನಾನು ಮೂರು ದಿನದ ಹಿಂದೇನೇ ನೋಡಿದ್ದೆ. ಬಾರ್‌ಕೋಡ್ ಅಂಟಿಸೋಕೆ ಪ್ರಿಂಟ್ ಕೊಟ್ಟಿದ್ರಲ್ಲ, ಅದರಲ್ಲಿ ಆ ಕಾಲಂ ಪೂರ್ತಿ ಒಂದೇ ಥರ ಇತ್ತು. ಇವರಿಗೆ ಗೊತ್ತಿರುತ್ತೆ ಅನ್ಕೊಂಡೆ.’

ಉಳಿದವರು ಅವನ ಮೇಲೆ ರೇಗುವುದರಲ್ಲಿದ್ದರು. ನಾನು ತಡೆದೆ. ಇದನ್ನು ಸೋಮಾರಿತನ ಅಂತಲೋ ಅಸಡ್ಡೆ ಅಂತಲೋ ಕರೆಯುವುದು ಸುಲಭ. ಆದರೆ ಆ ಹುಡುಗನ ಜಾಗದಲ್ಲಿ ನಿಂತು ನೋಡಿ. ಕಂಪ್ಯೂಟರ್ ತನ್ನ ವಿಷಯವಲ್ಲ. ಕೇಳಿದರೆ ‘ಅಷ್ಟೂ ಗೊತ್ತಿಲ್ವಾ’ ಅನ್ನಿಸಿಕೊಳ್ಳುವ ಭಯ. ಸುಮ್ಮನಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಯ ನರ್ಸ್ ತಂಡಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ನೆನಪಿಗೆ ಬರುತ್ತದೆ. ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲಿ ಔಷಧಿಯ ತಪ್ಪುಗಳು ಕಡಿಮೆ ಇರಬೇಕು ಅಂದುಕೊಂಡರೆ, ದಾಖಲಾದ ತಪ್ಪುಗಳು ಆ ತಂಡಗಳಲ್ಲೇ ಜಾಸ್ತಿ ಇದ್ದವು. ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಹೆದರಿಕೆ ಇರಲಿಲ್ಲ ಅನ್ನುವುದು ಅವರು ಕೊಟ್ಟ ವಿವರಣೆ. 1999ರಲ್ಲಿ ಅವರು ಇದನ್ನು ತಂಡದ ‘ಮಾನಸಿಕ ಸುರಕ್ಷತೆ’ ಎಂದು ವಿವರಿಸಿ ಬರೆದರು. ನಮ್ಮ ತಂಡದಲ್ಲಿ ಮೊದಲ ಎರಡು ವಾರ ಜಗಳ ಇರಲಿಲ್ಲ, ಆದರೆ ಈ ಸುರಕ್ಷತೆಯೂ ಇರಲಿಲ್ಲ.

ಒಂದು ಪುಸ್ತಕದ ದಾರಿ

ಮರುದಿನ ನಾನು ಮಾಡಿಸಿದ್ದು ಒಂದೇ ಕೆಲಸ. ರ‍್ಯಾಕ್‌ನಿಂದ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟೆ. ‘ಇದು ರ‍್ಯಾಕ್‌ನಿಂದ ಕೋಹಾದ ತೆರೆಯ ಮೇಲೆ ಬರೋವರೆಗೆ ಏನೇನಾಗುತ್ತೆ, ಪ್ರತಿಯೊಬ್ಬರೂ ಪೂರ್ತಿ ಹೇಳಿ’ ಅಂದೆ. ತಮ್ಮ ಪಾಲನ್ನು ಎಲ್ಲರೂ ಚೆನ್ನಾಗಿ ಹೇಳಿದರು. ಅದರ ಆಚೆಗೆ ಹೋದ ಕೂಡಲೇ ಮಾತು ತಡವರಿಸಿತು. ಬಾರ್‌ಕೋಡ್‌ನ ಅಂಕಿ ಎಲ್ಲಿಂದ ಬರುತ್ತದೆ ಎಂದು ಕಂಪ್ಯೂಟರ್ ಹುಡುಗನಿಗೆ ಗೊತ್ತಿರಲಿಲ್ಲ. ಅದು ಆಕ್ಸೆಷನ್ ನಂಬರ್, ಅಂದರೆ ಪುಸ್ತಕ ಲೈಬ್ರರಿಗೆ ಬಂದ ದಿನ ರಿಜಿಸ್ಟರ್‌ನಲ್ಲಿ ಕೊಟ್ಟ ನಂಬರ್. ಈ ಲೈಬ್ರರಿಯಲ್ಲಿ ಅದು ಯಾವಾಗಲೂ 6 ಅಂಕಿ. ಅಕ್ಕನಿಗೆ ಅದು ಗೊತ್ತಿತ್ತು. ಉಳಿದವರಿಗೆ ಅವಳು ಹೇಳಿರಲಿಲ್ಲ.

ಈ ಒಂದು ಮಾಹಿತಿಯೇ ತಂಡವನ್ನು ಉಳಿಸಿತು. ಹಾಳಾದ ಫೈಲಿನಲ್ಲಿ ಆಕ್ಸೆಷನ್ ನಂಬರ್‌ಗಳ ಮುಂದಿನ ಸೊನ್ನೆಗಳೂ ಹೋಗಿದ್ದವು. 6 ಅಂಕಿ ಎಂದು ಗೊತ್ತಾದ ಮೇಲೆ ಸೊನ್ನೆ ಸೇರಿಸುವುದು ಕಷ್ಟವೇ ಅಲ್ಲ. ಕಂಪ್ಯೂಟರ್ ಹುಡುಗನ ಬಳಿ ಮೊದಲು ತೆಗೆದ ಮೂಲ ಫೈಲ್ ಇತ್ತು. ಆಕ್ಸೆಷನ್ ನಂಬರನ್ನು ಹಿಡಿದು ಮೂಲದಿಂದ ಐಎಸ್‌ಬಿಎನ್ ತಂದರು. ಕಾಮರ್ಸ್ ಹುಡುಗಿ ತಿದ್ದಿದ ಹೆಸರುಗಳು ಹಾಗೇ ಉಳಿದವು. ಸಾಲುಗಳು ಅದಲುಬದಲಾಗಿಲ್ಲ ಎಂದು ಇತಿಹಾಸದ ಹುಡುಗ ರ‍್ಯಾಕ್‌ಗೆ ಹೋಗಿ ಅಲ್ಲೊಂದು ಇಲ್ಲೊಂದು ಪುಸ್ತಕ ತೆಗೆದು ನೋಡಿದ. ನಾಲ್ವರಲ್ಲಿ ಒಬ್ಬರು ಇಲ್ಲದಿದ್ದರೂ ಆ ರಿಪೇರಿ ಆಗುತ್ತಿರಲಿಲ್ಲ. ಇದನ್ನು ಅವರಿಗೆ ಯಾರೂ ಭಾಷಣ ಮಾಡಿ ಹೇಳಬೇಕಾಗಲಿಲ್ಲ.

ಅದೇ ದಿನ ಒಂದು ಹಾಳೆಯಲ್ಲಿ ನಿಯಮ ಬರೆದು ಗೋಡೆಗೆ ಅಂಟಿಸಿದರು. ಮೂಲ ಫೈಲನ್ನು ಯಾರೂ ತಿದ್ದುವಂತಿಲ್ಲ. ಅಂಕಿಯಂತೆ ಕಾಣುವ ಕಾಲಂಗಳನ್ನೆಲ್ಲ ಪಠ್ಯ ಎಂದೇ ತೆರೆಯಬೇಕು. ಫೈಲಿನ ಹೆಸರಲ್ಲಿ ‘ಫೈನಲ್’, ‘ಹೊಸ ಫೈನಲ್’ ಬೇಡ, ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ ತಾರೀಖು ಇರಬೇಕು. ತಾರೀಖು ಬರೆಯುವುದಕ್ಕೆ ಇರುವ 1988ರ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 8601ರ ಕ್ರಮವಿದು. ಹೀಗೆ ಬರೆದರೆ ಫೈಲುಗಳು ತಾವಾಗೇ ಹಳೆಯದರಿಂದ ಹೊಸದರ ಸಾಲಿನಲ್ಲಿ ನಿಲ್ಲುತ್ತವೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದು. ಫೈಲ್ ತೆಗೆದುಕೊಳ್ಳುವವರು ಕೊಡುವವರ ಎದುರೇ ಹತ್ತು ಸಾಲು ತೆರೆದು ನೋಡಬೇಕು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದಲ್ಲಿ ‘ಇದೇನು?’ ಎಂದು ಕೇಳುವುದು ಅವಮಾನ ಅನ್ನಿಸುವುದಿಲ್ಲ, ಯಾಕೆಂದರೆ ಕೇಳುವುದೇ ಅಲ್ಲಿ ಕೆಲಸ.

ಬೆಳಗ್ಗೆ 15 ನಿಮಿಷ ನಿಂತುಕೊಂಡೇ ಮಾತಾಡುವ ಪದ್ಧತಿಯನ್ನೂ ಶುರುಮಾಡಿದರು. ಸಾಫ್ಟ್‌ವೇರ್ ತಂಡಗಳಲ್ಲಿ ಇದು ಹಳೆಯ ರೂಢಿ. ಮೊದಲೆರಡು ದಿನ ನಾಲ್ವರೂ ನನ್ನ ಕಡೆ ತಿರುಗಿ ವರದಿ ಒಪ್ಪಿಸಿದರು: ನಿನ್ನೆ ಇಷ್ಟು ಮಾಡಿದೆ, ಇವತ್ತು ಇಷ್ಟು ಮಾಡುತ್ತೇನೆ. ಹಾಗಾಗಿ ನಾನು ಆ ಸಭೆಗೆ ಹೋಗುವುದನ್ನು ನಿಲ್ಲಿಸಿದೆ. ಆಮೇಲೆ ಪ್ರಶ್ನೆಯೇ ಬದಲಾಯಿತು. ‘ನಾನು ಏನು ಮಾಡಿದೆ’ ಹೋಗಿ ‘ಇವತ್ತು ನಾನು ಯಾರಿಗೆ ಏನು ಕೊಡಬೇಕು, ಯಾರಿಂದ ಏನು ಬರಬೇಕು’ ಆಯಿತು. ಮೇಲ್ವಿಚಾರಕರು ಎದುರಿಗಿದ್ದಾಗ ವಿದ್ಯಾರ್ಥಿಗಳು ಪರಸ್ಪರ ಮಾತಾಡುವುದಿಲ್ಲ, ಮೇಲ್ವಿಚಾರಕರ ಜೊತೆ ಮಾತಾಡುತ್ತಾರೆ.

ಯೋಜನೆ ತಲೆಕೆಳಗಾದಾಗ

ಕೆಲಸ ಹಳಿಗೆ ಬಂತು ಅನ್ನುವಷ್ಟರಲ್ಲಿ ನಾಲ್ಕನೇ ವಾರದಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಪುಸ್ತಕದ ಎರಡು ಕೋಣೆಗಳ ವೈರಿಂಗ್ ರಿಪೇರಿಯಾಗಬೇಕು, ಹತ್ತು ದಿನದೊಳಗೆ ಖಾಲಿ ಮಾಡಿ ಅಂದರು. ಅದೇ ಹೊತ್ತಿಗೆ ಕಂಪ್ಯೂಟರ್ ಹುಡುಗನ ಪರೀಕ್ಷೆ ಮುಂದೆ ಬಂದು ಅವನು ಒಂದು ವಾರ ಇರುವುದಿಲ್ಲ ಎಂದಾಯಿತು.

ಮೂಲ ಯೋಜನೆಯಲ್ಲಿ ರ‍್ಯಾಕ್ ಪರಿಶೀಲನೆ ಕೊನೆಯ ಎರಡು ವಾರದ ಕೆಲಸ. ಈಗ ಅದು ಮೊದಲಾಗಬೇಕು. ಪುಸ್ತಕಗಳನ್ನು ಕಟ್ಟಿ ಬೇರೆ ಕೋಣೆಗೆ ಹಾಕಿದ ಮೇಲೆ ಯಾವುದಿದೆ, ಯಾವುದಿಲ್ಲ ಎಂದು ನೋಡುವುದು ಅಸಾಧ್ಯ. ಅಕ್ಕ ಅವಧಿ ವಿಸ್ತರಣೆ ಕೇಳೋಣ ಅಂದಳು. ಕಾಮರ್ಸ್ ಹುಡುಗಿಗೆ ತನ್ನ ಮೇಜು ಬಿಟ್ಟು ಏಳಲು ಇಷ್ಟವಿರಲಿಲ್ಲ. ‘ಅವನು ಬರೋವರೆಗೆ ಹೆಸರು ತಿದ್ದುತ್ತಾ ಇರ್ತೀನಿ’ ಅಂದಳು.

ಹೊಂದಿಕೊಳ್ಳುವ ಗುಣ ಅಂದರೆ ಹೇಳಿದ್ದಕ್ಕೆಲ್ಲ ‘ಆಯ್ತು’ ಅನ್ನುವುದು ಎಂಬ ಒಂದು ನಂಬಿಕೆ ಇದೆ. ಹಾಗೆ ಆಯ್ತು ಅಂದವರು ಎಲ್ಲವನ್ನೂ ಅರ್ಧ ಮಾಡಿ ಬಿಡುತ್ತಾರೆ. ಈ ತಂಡ ಬೋರ್ಡಿನ ಮೇಲೆ ಗೆರೆ ಎಳೆದು ಎರಡು ಪಾಲು ಮಾಡಿತು. ಒಂದು ಕಡೆ ಏನು ಬದಲಾದರೂ ನಡೆಯುತ್ತದೆ, ಇನ್ನೊಂದು ಕಡೆ ಏನು ಬದಲಾಗಲೇಬಾರದು. ಬದಲಾಗಬಾರದ ಕಡೆ ಕೊನೆಗೆ ಉಳಿದದ್ದು ಮೂರೇ ಮಾತು: ಬಾರ್‌ಕೋಡ್ ಮತ್ತು ಆಕ್ಸೆಷನ್ ನಂಬರ್ ಹೊಂದಲೇಬೇಕು, ಮೂಲ ಫೈಲ್ ಹಾಗೇ ಇರಬೇಕು, ಸ್ಕ್ಯಾನ್ ಆಗದ ಒಂದು ಪುಸ್ತಕವೂ ಕೋಣೆ ಬಿಟ್ಟು ಹೋಗಬಾರದು. ಉಳಿದದ್ದೆಲ್ಲ ಇನ್ನೊಂದು ಕಡೆಗೆ ಹೋಯಿತು. ಕೆಲಸದ ಕ್ರಮ, ಯಾರು ಏನು ಮಾಡಬೇಕು ಅನ್ನುವುದು, ಹೆಸರು ಎಷ್ಟು ನುಣ್ಣಗೆ ತಿದ್ದಬೇಕು ಅನ್ನುವುದು. ಬೆನ್ನಿನ ಲೇಬಲ್ ಕೆಲಸವನ್ನು ಪೂರ್ತಿ ಕೈಬಿಟ್ಟರು.

ಲೇಬಲ್ ಬಿಡುವುದು ಅಕ್ಕನಿಗೆ ತುಂಬ ಕಷ್ಟವಾಯಿತು. ಅವಳು ಓದುತ್ತಿದ್ದ ವಿಷಯದಲ್ಲಿ ಲೇಬಲ್ ಇಲ್ಲದ ಪುಸ್ತಕ ಅಂದರೆ ಅರ್ಧ ಕೆಲಸ. ಅವಳ ವಾದದಲ್ಲಿ ಹುರುಳಿತ್ತು, ಓದುಗರು ಹುಡುಕುವುದು ಬೆನ್ನು ನೋಡಿಯೇ. ಆದರೆ ಹಳೆಯ ಲೇಬಲ್‌ಗಳು ಇನ್ನೂ ಓದಲು ಬರುತ್ತಿದ್ದವು. ಮತ್ತೆ, ಲೇಬಲ್ ಹಾಕುವುದು ಮುಂದಿನ ವರ್ಷವೂ ಆಗುವ ಕೆಲಸ. ಖಾಲಿಯಾಗುವ ಕೋಣೆಯಲ್ಲಿ ಪರಿಶೀಲನೆ ಈ ಹತ್ತು ದಿನದಲ್ಲಿ ಮಾತ್ರ ಆಗುವ ಕೆಲಸ. ಕೊನೆಗೆ ಅವಳೇ ಬೋರ್ಡಿನಿಂದ ಆ ಸಾಲನ್ನು ಒರೆಸಿದಳು. ನಾನು ಈ ಎಂಟು ವಾರದಲ್ಲಿ ನೋಡಿದ ದೊಡ್ಡ ಕಲಿಕೆ ಅದು ಅಂತ ಈಗಲೂ ಅನ್ನುತ್ತೇನೆ. ಗೊತ್ತಿಲ್ಲದ್ದನ್ನು ಕಲಿಯುವುದಕ್ಕಿಂತ, ಚೆನ್ನಾಗಿ ಗೊತ್ತಿರುವುದನ್ನು ಸದ್ಯಕ್ಕೆ ಬದಿಗಿಡುವುದು ಕಷ್ಟ.

ಇನ್ನಿಬ್ಬರು ವಿದ್ಯಾರ್ಥಿಗಳನ್ನು ಕೊಡುತ್ತೇವೆ ಎಂದು ಕಾಲೇಜು ಹೇಳಿತು. ಒಳ್ಳೆಯ ಮನಸ್ಸಿನ ಮಾತೇ. ಆದರೆ ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಸಾಫ್ಟ್‌ವೇರ್ ಕೆಲಸದ ಬಗ್ಗೆ ಬರೆದಿದ್ದರು. ಲೆಕ್ಕ ಸರಳ. ನಾಲ್ವರಿದ್ದರೆ ಇಬ್ಬಿಬ್ಬರ ನಡುವಿನ ಜೋಡಿ 6. ಆರು ಜನ ಆದರೆ 15. ಪ್ರತಿ ಜೋಡಿಯೂ ಮಾತು ತಪ್ಪಬಹುದಾದ ಒಂದು ಜಾಗ. ಹಾಗಂತ ಬೇಡ ಅನ್ನಲೂ ಆಗದು, ಪುಸ್ತಕ ಎತ್ತಿ ಕೊಡಲು ಕೈ ಬೇಕಿತ್ತು. ತಂಡ ಒಂದು ದಾರಿ ಕಂಡುಕೊಂಡಿತು. ಹೊಸಬರಿಬ್ಬರೂ ಇತಿಹಾಸದ ಹುಡುಗನ ಜೊತೆ ಮಾತ್ರ ಕೆಲಸ ಮಾಡುವುದು, ಸ್ಕ್ಯಾನ್ ಬಿಟ್ಟು ಬೇರೇನೂ ಮಾಡದಿರುವುದು. ಮೂರು ವಾರದ ಹಿಂದೆ ಬಾಯಿಬಿಡದ ಹುಡುಗ ಈಗ ಇಬ್ಬರಿಗೆ ಕೆಲಸ ಹೇಳಿಕೊಡುತ್ತಿದ್ದ.

ಕಂಪ್ಯೂಟರ್ ಹುಡುಗ ಪರೀಕ್ಷೆಗೆ ಹೋಗುವ ಮೊದಲು ಕೋಹಾಕ್ಕೆ ಪಟ್ಟಿ ಹಾಕುವುದನ್ನು ಯಾರಿಗಾದರೂ ಕಲಿಸಬೇಕಿತ್ತು. ಅವನು ಒಂದು ಉದ್ದದ ಟಿಪ್ಪಣಿ ಬರೆದು ಕೊಡಲು ಹೊರಟಿದ್ದ. ಅಕ್ಕ ಬೇಡ ಅಂದಳು. ‘ನೀನು ಬರೆದ್ರೆ ನಿನಗೆ ಗೊತ್ತಿರೋದನ್ನ ಬಿಟ್ಟುಬಿಡ್ತೀಯ. ಕಲಿಯೋರು ಬರೀಲಿ.’ ಹಾಗೇ ಮಾಡಿದರು. ಮೌಸ್ ಕಲಿಯುವವರ ಕೈಯಲ್ಲಿ. ಕಲಿಸುವವನು ಬಾಯಲ್ಲಿ ಹೇಳಬೇಕು, ಕೀಬೋರ್ಡ್ ಮುಟ್ಟುವಂತಿಲ್ಲ. ಟಿಪ್ಪಣಿ ಬರೆಯುವುದು ಕಲಿಯುವವರು. ಆಮೇಲೆ ಆ ಟಿಪ್ಪಣಿಯನ್ನಷ್ಟೇ ಹಿಡಿದು ಇನ್ನೊಬ್ಬರು ಅದೇ ಕೆಲಸ ಮಾಡಿ ತೋರಿಸಬೇಕು. ಇತಿಹಾಸದ ಹುಡುಗ ಬರೆದ, ಕಾಮರ್ಸ್ ಹುಡುಗಿ ಅದನ್ನು ನೋಡಿ ಮಾಡಿದಳು. ಅವಳು ಸಿಕ್ಕಿಕೊಂಡ ಕಡೆಯಲ್ಲೆಲ್ಲ ಟಿಪ್ಪಣಿಗೆ ಒಂದು ಸಾಲು ಸೇರಿತು. ಕೆಲಸ ಬಿಟ್ಟುಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಪದ್ಧತಿ ನಾನು ನೋಡಿಲ್ಲ.

ರ‍್ಯಾಕ್‌ನಿಂದ ಬಂದ ಯೋಚನೆ

ಕಂಪ್ಯೂಟರ್ ಹುಡುಗನ ಯೋಜನೆಯಲ್ಲಿ ಇಡೀ ಪಟ್ಟಿ ಸಿದ್ಧವಾದ ಮೇಲೆ ಎಲ್ಲವನ್ನೂ ಒಂದೇ ಸಲ ಹಾಕುವುದಿತ್ತು, ಆಕ್ಸೆಷನ್ ನಂಬರ್ ಕ್ರಮದಲ್ಲಿ. ಅವನು ಇಲ್ಲದ ವಾರದಲ್ಲಿ ಇತಿಹಾಸದ ಹುಡುಗ ಒಂದು ಮಾತು ಎತ್ತಿದ. ಆಕ್ಸೆಷನ್ ಕ್ರಮ ಅಂದರೆ ಪುಸ್ತಕ ಕೊಂಡ ಕ್ರಮ. ಅಕ್ಕಪಕ್ಕದ ಎರಡು ನಂಬರಿನ ಪುಸ್ತಕಗಳು ಬೇರೆ ಬೇರೆ ಕೋಣೆಯಲ್ಲಿರುತ್ತವೆ. ಅದರ ಬದಲು ಒಂದು ರ‍್ಯಾಕ್ ಸ್ಕ್ಯಾನ್ ಆದ ಕೂಡಲೇ ಆ ರ‍್ಯಾಕ್‌ನದನ್ನು ಮಾತ್ರ ಹಾಕಿದರೆ? ಸಂಜೆಯೊಳಗೆ ತೆರೆಯ ಮೇಲಿನ ಪಟ್ಟಿಯನ್ನೂ ರ‍್ಯಾಕನ್ನೂ ಎದುರುಬದುರು ಇಟ್ಟು ನೋಡಬಹುದು. ತಪ್ಪಿದ್ದರೆ ಒಂದು ರ‍್ಯಾಕ್‌ನಲ್ಲಿ ಮಾತ್ರ ಇರುತ್ತದೆ.

ತಾಂತ್ರಿಕವಾಗಿ ನೋಡಿದರೂ ಇದು ಉತ್ತಮ ಯೋಚನೆ. ಸಣ್ಣ ಕಂತು, ಬೇಗ ಪರೀಕ್ಷೆ. ಆದರೆ ಇದು ಬಂದದ್ದು ಕಂಪ್ಯೂಟರ್ ಗೊತ್ತಿದ್ದವನಿಂದಲ್ಲ. ರ‍್ಯಾಕ್‌ಗಳ ನಡುವೆ ಓಡಾಡಿದ ಹುಡುಗ, ಪಟ್ಟಿ ಹಾಕುವುದನ್ನೂ ಕಲಿತ ಮೇಲೆ ಎರಡನ್ನೂ ಸೇರಿಸಿ ನೋಡಿದ್ದರಿಂದ ಬಂತು. ತನ್ನ ಪಾಲಿನಲ್ಲೇ ಇದ್ದಿದ್ದರೆ ಅದು ಅವನಿಗೂ ಹೊಳೆಯುತ್ತಿರಲಿಲ್ಲ.

ಕಂಪ್ಯೂಟರ್ ಹುಡುಗ ವಾಪಸ್ ಬಂದಾಗ ತನ್ನ ಯೋಜನೆ ಬದಲಾಗಿತ್ತು. ಸಿಟ್ಟು ಬಂತು. ‘ನನ್ನನ್ನ ಕೇಳದೆ ಹೇಗೆ ಬದಲಾಯಿಸಿದ್ರಿ? ಒಂದೇ ಸಲ ಹಾಕಿದ್ರೆ ಮುಗೀತಿತ್ತು, ಈಗ ದಿನಾ ಹಾಕ್ಬೇಕು’ ಅಂದ. ಅವನ ಸಿಟ್ಟಿಗೆ ಕಾರಣವಿತ್ತು. ಆ ವಾರ ಅವನಿಗೆ ಒಂದು ಮಾತು ಹೇಳಿ ಕಳಿಸಬಹುದಿತ್ತು, ಪರೀಕ್ಷೆಯ ನಡುವೆ ತೊಂದರೆ ಬೇಡ ಎಂದು ಸುಮ್ಮನಿದ್ದರು. ಹೊಂದಾಣಿಕೆಯ ಬಗ್ಗೆ ಮಾತಾಡುವವರು ಈ ಭಾಗವನ್ನು ಬಿಡುತ್ತಾರೆ. ತಂಡ ಬದಲಾವಣೆಗೆ ಒಗ್ಗಿಕೊಂಡಾಗ, ಆ ಹೊತ್ತಿಗೆ ಅಲ್ಲಿ ಇಲ್ಲದವರಿಗೆ ತಮ್ಮನ್ನು ಹೊರಗಿಟ್ಟ ಹಾಗೆ ಆಗುತ್ತದೆ.

ಅವತ್ತು ಸಮಾಧಾನವಾಗಲಿಲ್ಲ. ಮರುದಿನವೂ ಅವನು ಬಿಗಿಯಾಗೇ ಇದ್ದ. ಮೂರನೇ ದಿನ ಒಂದು ರ‍್ಯಾಕ್‌ನ ಸಂಜೆಯ ಪರಿಶೀಲನೆಯಲ್ಲಿ ಕೂತ. ಪಟ್ಟಿಯಲ್ಲಿ ಐಎಸ್‌ಬಿಎನ್ ಬಿಟ್ಟುಹೋಗಿದ್ದ ಕೆಲವು ಪುಸ್ತಕಗಳಿಗೆ, ಸ್ಕ್ಯಾನ್ ಮಾತ್ರ ಮಾಡಬೇಕಿದ್ದ ಹೊಸಬರು ಅದನ್ನು ಕೈಯಲ್ಲಿ ಟೈಪ್ ಮಾಡಿ ಹಾಕಿದ್ದರು, ಅದರಲ್ಲಿ ತಪ್ಪುಗಳಿದ್ದವು. ಅಲ್ಲಿ ಅವನಿಗೆ ತನ್ನ ಕೆಲಸ ಕಂಡಿತು. ಐಎಸ್‌ಬಿಎನ್‌ನ ಕೊನೆಯ ಅಂಕಿ ತಪಾಸಣೆಗೆಂದೇ ಇರುವುದು. 13 ಅಂಕಿಯದಾದರೆ ಮೊದಲ 12 ಅಂಕಿಗಳನ್ನು ಸರದಿಯಲ್ಲಿ 1 ಮತ್ತು 3ರಿಂದ ಗುಣಿಸಿ ಕೂಡಿ, ಮೊತ್ತವನ್ನು 10ರಿಂದ ಶೇಷವಿಲ್ಲದೆ ಭಾಗವಾಗುವಂತೆ ಮಾಡುವ ಅಂಕಿ ಅದು. ಒಂದು ಅಂಕಿ ತಪ್ಪಾದರೂ ಸಿಕ್ಕಿಬೀಳುತ್ತದೆ. 10 ಅಂಕಿಯದರ ಲೆಕ್ಕ ಬೇರೆ, 11ರ ಆಧಾರದ ಮೇಲೆ. ಅಲ್ಲಿ ಕೊನೆಗೆ 10 ಬಂದರೆ ಎಕ್ಸ್ ಹಾಕುತ್ತಾರೆ. ಅವನು ಎರಡಕ್ಕೂ ಚಿಕ್ಕ ಪ್ರೋಗ್ರಾಂ ಬರೆದ. ಪ್ರತಿ ಕಂತೂ ಕೋಹಾಕ್ಕೆ ಹೋಗುವ ಮೊದಲು ಅದರ ಮೂಲಕ ಹಾಯಬೇಕು ಎಂಬ ನಿಯಮ ಗೋಡೆಯ ಹಾಳೆಗೆ ಸೇರಿತು. ಕ್ರಮ ಇತಿಹಾಸದ ಹುಡುಗನದು, ತಪಾಸಣೆ ಅವನದು. ಇಬ್ಬರೂ ಸ್ನೇಹಿತರಾದರು ಎಂದು ನಾನು ಹೇಳುವುದಿಲ್ಲ. ಒಬ್ಬರ ಕೆಲಸವನ್ನು ಒಬ್ಬರು ನಂಬಿದರು, ಅಷ್ಟು ಸಾಕಿತ್ತು.

ಕಾಮರ್ಸ್ ಹುಡುಗಿಯ ವಿಷಯ ಬೇರೆ. ಅವಳಿಗೆ ಕೆಲಸ ಅದಲುಬದಲು ಮಾಡುವುದು ಕೊನೆಯವರೆಗೂ ಇಷ್ಟವಾಗಲಿಲ್ಲ. ರ‍್ಯಾಕ್ ಕೆಲಸ ಮಾಡಿದಳು, ಆದರೆ ಬೇಸರದಿಂದ. ನನಗದು ಕೊರತೆ ಅನ್ನಿಸುವುದಿಲ್ಲ. ಎಲ್ಲರೂ ಎಲ್ಲ ಕೆಲಸವನ್ನೂ ಪ್ರೀತಿಸಬೇಕಿಲ್ಲ. ಪಕ್ಕದವರ ಕೆಲಸ ಹೇಗೆ ನಡೆಯುತ್ತದೆ ಎಂದು ಒಮ್ಮೆ ಕೈಯಾರೆ ಮಾಡಿ ತಿಳಿದಿದ್ದರೆ ಆಯಿತು. ಅವಳು ಮತ್ತೆ ಮೇಜಿಗೆ ಮರಳಿದಾಗ ಮಾಡಿದ ಮೊದಲ ಕೆಲಸ, ರ‍್ಯಾಕ್‌ಗೆ ಕೊಡುವ ಪ್ರಿಂಟ್‌ನಲ್ಲಿ ಅಕ್ಷರ ದೊಡ್ಡದು ಮಾಡಿ ಬೇಡದ ಕಾಲಂಗಳನ್ನು ತೆಗೆದದ್ದು.

ಅಂಕ ಕೊಡುವ ಹೊತ್ತು

ಕಾಲೇಜುಗಳ ಮೌಲ್ಯಮಾಪನ ಪಟ್ಟಿಯಲ್ಲಿ ‘ತಂಡದ ಕೆಲಸ’ ಎಂದು ಒಂದು ಚೌಕ ಇರುತ್ತದೆ. ಅದರಲ್ಲಿ ಅಂಕ ತುಂಬಬೇಕು. ಏನನ್ನು ನೋಡಿ ತುಂಬುವುದು? ನಗುನಗುತ್ತಾ ಇದ್ದವರಿಗೆ ಜಾಸ್ತಿ, ಜಗಳ ಮಾಡಿದವರಿಗೆ ಕಡಿಮೆ ಹೋಗುವ ಅಪಾಯ ಇದೆ. ಹಾಗೆ ಕೊಟ್ಟಿದ್ದರೆ ಮೊದಲ ವಾರದ ಶಾಂತಿಗೆ ಹೆಚ್ಚು ಅಂಕ ಹೋಗುತ್ತಿತ್ತು, ಐದನೇ ವಾರದ ವಾದಕ್ಕೆ ಕಡಿಮೆ.

ಒಬ್ಬೊಬ್ಬರ ಪಾಲು ಕಾಣದಿದ್ದರೆ ಕೆಲವರು ಜಾರಿಕೊಳ್ಳುತ್ತಾರೆ ಅನ್ನುವುದೂ ನಿಜ. ಹಗ್ಗ ಎಳೆಯುವ ಗುಂಪು ದೊಡ್ಡದಾದಂತೆ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತದೆ ಎಂದು ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್‌ಮನ್ ಅಳೆದು 1913ರಲ್ಲಿ ಪ್ರಕಟಿಸಿದ್ದರು. ಗುಂಪಿನಲ್ಲಿ ಯಾರ ಶ್ರಮ ಎಷ್ಟು ಎಂದು ಗೊತ್ತಾಗುವ ಹಾಗಿದ್ದರೆ ಜಾರಿಕೊಳ್ಳುವುದು ಕಡಿಮೆಯಾಗುತ್ತದೆ ಎಂದು ಮುಂದಿನ ಪ್ರಯೋಗಗಳು ತೋರಿಸಿವೆ. ಹಾಗಾಗಿ ವೈಯಕ್ತಿಕ ಅಂಕ ಬೇಡ ಎಂದು ನಾನು ವಾದಿಸುವುದಿಲ್ಲ. ಪ್ರಶ್ನೆ ಬದಲಾಗಬೇಕು ಅನ್ನುತ್ತೇನೆ. ಈ ತಂಡಕ್ಕೆ ನಾನು ಕೇಳಿದ್ದು ಹೀಗೆ: ನೀವು ಬೇರೆಯವರಿಂದ ಯಾವ ಕೆಲಸ ವಹಿಸಿಕೊಂಡಿರಿ? ನಿಮ್ಮದನ್ನು ಯಾರಿಗೆ ಬಿಟ್ಟುಕೊಟ್ಟಿರಿ? ನೀವಿಲ್ಲದಿದ್ದಾಗ ಅದು ನಡೆಯಿತೇ? ಉತ್ತರಕ್ಕೆ ಸಾಕ್ಷಿ ಅವರ ಬಳಿಯೇ ಇತ್ತು. ಟಿಪ್ಪಣಿ, ಗೋಡೆಯ ಹಾಳೆ, ತಾರೀಖಿದ್ದ ಫೈಲುಗಳು. ಹೊಗಳಿಕೆಯ ಮಾತುಗಳಿಗಿಂತ ಇವನ್ನು ನೋಡಿ ಅಂಕ ಕೊಡುವುದು ನ್ಯಾಯ.

ಇನ್ನೊಂದು ಮಾತು. ಇಂಥ ವರದಿಗಳಲ್ಲಿ ಮನೋವಿಜ್ಞಾನಿ ಬ್ರೂಸ್ ಟಕ್‌ಮನ್ 1965ರಲ್ಲಿ ಹೇಳಿದ ನಾಲ್ಕು ಹಂತಗಳನ್ನು ತಪ್ಪದೆ ತರುತ್ತಾರೆ. ತಂಡ ಸೇರುತ್ತದೆ, ಕಿತ್ತಾಡುತ್ತದೆ, ರೀತಿನೀತಿ ಮಾಡಿಕೊಳ್ಳುತ್ತದೆ, ಆಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಟಕ್‌ಮನ್ ಅದನ್ನು ರೂಪಿಸಿದ್ದು ಆಗಲೇ ಪ್ರಕಟವಾಗಿದ್ದ ಅಧ್ಯಯನಗಳನ್ನು ಓದಿ, ಅವುಗಳಲ್ಲಿ ಹೆಚ್ಚಿನವು ಮಾನಸಿಕ ಚಿಕಿತ್ಸೆಯ ಗುಂಪುಗಳ ಬಗ್ಗೆ ಇದ್ದವು. ಅದನ್ನು ವೇಳಾಪಟ್ಟಿಯ ಹಾಗೆ ಬಳಸುವುದು ಸರಿಯಲ್ಲ. ಈ ತಂಡ ನಿಯಮ ಮಾಡಿಕೊಂಡ ಮೇಲೂ ಕಿತ್ತಾಡಿತು, ಅದರಿಂದಲೇ ನಿಯಮ ಇನ್ನಷ್ಟು ಒಳ್ಳೆಯದಾಯಿತು.

ಉಳಿದದ್ದು

ಕೆಲಸ ಪೂರ್ತಿ ಮುಗಿಯಲಿಲ್ಲ. ಸುಮಾರು ಮುಕ್ಕಾಲು ಪಾಲು ಪುಸ್ತಕಗಳು ಕೋಹಾಕ್ಕೆ ಬಂದು, ರ‍್ಯಾಕ್‌ನೊಂದಿಗೆ ಹೊಂದಿಸಿ ನೋಡಿಯೂ ಆದವು. ಖಾಲಿ ಮಾಡಬೇಕಿದ್ದ ಎರಡು ಕೋಣೆಗಳ ಪುಸ್ತಕಗಳೆಲ್ಲ ಅದರಲ್ಲಿದ್ದವು. ಉಳಿದವುಗಳಲ್ಲಿ ಹೆಚ್ಚಿನವು ಹಳೆಯ ಪುಸ್ತಕಗಳು. ಐಎಸ್‌ಬಿಎನ್ ಅಂತಾರಾಷ್ಟ್ರೀಯ ಮಾನದಂಡವಾದದ್ದು 1970ರಲ್ಲಿ. ಅದಕ್ಕೂ ಹಿಂದಿನವಕ್ಕೆ ಒಂದೊಂದನ್ನೂ ಕೈಯಲ್ಲಿ ಹಿಡಿದು, ಶೀರ್ಷಿಕೆಯ ಪುಟ ನೋಡಿ ಮಾಹಿತಿ ತುಂಬಬೇಕು. ಅದಕ್ಕೆ ಅಕ್ಕನಂಥವರ ತರಬೇತಿ ಬೇಕು. ಅವಳು ಕೊನೆಯ ವಾರದಲ್ಲಿ ಅಂಥ ಪುಸ್ತಕಗಳಿಗೆಂದೇ ಬೇರೆ ಪಟ್ಟಿ ಮಾಡಿಟ್ಟಳು, ಯಾವುದರಲ್ಲಿ ಪ್ರಕಟಣೆಯ ವರ್ಷವೂ ಇಲ್ಲ ಎಂದು ಗುರುತು ಹಾಕಿ.

ಮುಂದಿನ ತಂಡ ಬಂದಾಗ ಹಳೆಯ ನಾಲ್ವರಲ್ಲಿ ಇಬ್ಬರು ಬಂದು ಅರ್ಧ ದಿನ ಕೂತರು. ಅದೇ ಪದ್ಧತಿ: ಮೌಸ್ ಹೊಸಬರ ಕೈಯಲ್ಲಿ, ಟಿಪ್ಪಣಿ ಹೊಸಬರದು. ರ‍್ಯಾಕ್‌ಗಳು ರಿಪೇರಿಯ ನಂತರ ಬೇರೆ ಕ್ರಮದಲ್ಲಿ ನಿಂತಿದ್ದವು. ಹಾಗಾಗಿ ಹೊಸ ತಂಡ ಗೋಡೆಯ ಹಾಳೆಯಲ್ಲಿದ್ದ ರ‍್ಯಾಕ್ ಕ್ರಮದ ನಿಯಮವನ್ನು ಹೊಡೆದುಹಾಕಿ ತಮ್ಮದನ್ನು ಬರೆದುಕೊಂಡಿತು. ಹತ್ತು ಸಾಲು ನೋಡುವ ನಿಯಮ ಹಾಗೇ ಇದೆ. ಬೆನ್ನಿನ ಲೇಬಲ್ ಕೆಲಸ ಈಗ ಅವರ ಪಟ್ಟಿಯಲ್ಲಿದೆ.